ಎಲೆಕೋಸಿನ ಮಡಿಯಲ್ಲಿ ಒಂದು ಜಿಲ್ಲೆ

"ಈ ಸಲ ಗಾಡಿ ನನ್ನ ಕೈಲಿ!" ಅಂತ ನಾನು ಘೋಷಿಸಿದ್ದು ಅಡಿಗೆಮನೆಯಲ್ಲಿ, ಒಂದು ಕೈಲಿ ಬಾಣಲೆ, ಇನ್ನೊಂದು ಕೈಲಿ ಮೊಟ್ಟೆ ಹಿಡಿದುಕೊಂಡು. ಯುದ್ಧಕ್ಕೆ ಹೊರಟ ಯಾವ ಮಹಾರಾಣಿಯೂ ಅಷ್ಟು ಠೀವಿಯಿಂದ ನಿಂತಿರಲಾರಳು. "ಥಾಡಿಯಸ್ಸಿಗೆ ಬೇಕಾದ ಜಿಲ್ಲೆಗೆ ನಿನ್ನನ್ನು ಕರೆದುಕೊಂಡು ಹೋಗಿ, ಹೂವಿನ ಹಾಗೆ ಇಳಿಸಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರಿಸ್ತೀನಿ. ಇಲ್ಲದಿದ್ದರೆ ನನ್ನ ಹೆಸರು ವರ್ನಾ ಅಲ್ಲ!"

ನನ್ನ ಗಂಡ ಡೆಲ್ಮರ್ ಪ್ಲಾಸ್ಟರ್ ಹಾಕಿದ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ ಕೂತಿದ್ದ. ತಲೆ ಎತ್ತದೆ ಹೇಳಿದ: "ಹೂವಿನ ಹಾಗೆ ಬೇಡ ವರ್ನಾ. ಜೋಳದ ಮೂಟೆ ಹಾಗೆ ಇಳಿಸಿದರೂ ಸಾಕು. ಜಿಲ್ಲೆ ಮಾತ್ರ ಸರಿಯಾಗಿರಲಿ."

ಆ ಕಾಲು ಮುರಿದದ್ದೂ ರೇಡಿಯೊದ ಕೃಪೆಯಿಂದಲೇ. ಮನೆಯ ಛಾವಣಿ ಮೇಲೆ ಹೊಸ ಕಂಬ ನೆಡೋಕೆ ಹೋಗಿದ್ದ. ಕಂಬ ನೆಟ್ಟಗೆ ನಿಂತಿತು, ಇವನು ನೆಟ್ಟಗೆ ಬಿದ್ದ! ಬಿದ್ದವನು ಮೊದಲು ಕೇಳಿದ್ದು ಏನು ಗೊತ್ತಾ? "ಕಂಬ ವಾಲಿಲ್ಲ ತಾನೆ?"

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಂತಿಯೊಳಗೆ ಕರೆಂಟು ಹೇಗೆ ಓಡುತ್ತೆ ಅನ್ನೋದು ಇವತ್ತಿಗೂ ನನಗೆ ತಿಳಿಯದು. ಆದರೆ ಗಂಡಸಿನ ಮೈಯೊಳಗೆ ರೇಡಿಯೊ ಹುಚ್ಚು ಹೇಗೆ ಓಡುತ್ತೆ ಅಂತ ಕೇಳಿ, ದೊಡ್ಡ ಕಾಲೇಜಿನಲ್ಲಿ ನಿಂತು ಪಾಠ ಮಾಡಬಲ್ಲೆ. ಡೆಲ್ಮರ್ ಈಗಿಲ್ಲ. ಇದ್ದಿದ್ದರೆ ಈ ಕತೆಯನ್ನು ತನಗೆ ಬೇಕಾದ ಹಾಗೆ ಹೇಳುತ್ತಿದ್ದ. ಮೇಲೆ ಹೋದವನು ಅಲ್ಲಿರುವವರಿಗೆಲ್ಲ ಆಗಲೇ ಹೇಳಿ ಮುಗಿಸಿರುತ್ತಾನೆ. ಕೆಳಗಿರುವ ನಿಮಗಾದರೂ ನನ್ನ ಕಡೆಯ ಮಾತು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮನೆಯಲ್ಲೇ ರೇಡಿಯೊ ಇಟ್ಟುಕೊಂಡು ದೂರದೂರದವರ ಜೊತೆ ಮಾತಾಡುವ ಈ ಹ್ಯಾಮ್ ರೇಡಿಯೊದವರಲ್ಲಿ ಜಿಲ್ಲೆ ಬೇಟೆಗಾರರು ಅಂತ ಒಂದು ಪಂಗಡ. ಜಿಂಕೆ ಬೇಟೆ ಅಲ್ಲ, ಕಾಡುಕೋಳಿ ಬೇಟೆ ಅಲ್ಲ, ಜಿಲ್ಲೆ ಬೇಟೆ! ನಮ್ಮ ಅಮೆರಿಕಾದಲ್ಲಿ ಮೂರು ಸಾವಿರಕ್ಕೂ ಮೇಲೆ ಜಿಲ್ಲೆಗಳಿವೆಯಲ್ಲ, ಅಷ್ಟೂ ಜಿಲ್ಲೆಗಳಲ್ಲಿರುವ ಯಾರಾದರೊಬ್ಬರ ಜೊತೆ ರೇಡಿಯೊದಲ್ಲಿ ಮಾತಾಡಿ ಮುಗಿಸಬೇಕು ಅನ್ನೋದು ಇವರ ಚಟ. ಆದರೆ ಎಷ್ಟೋ ಜಿಲ್ಲೆಗಳಲ್ಲಿ ದನ ಇದೆ, ಜೋಳ ಇದೆ, ರೇಡಿಯೊ ಇಟ್ಟುಕೊಂಡ ಮನುಷ್ಯ ಮಾತ್ರ ಇಲ್ಲ. ಆಗ ಯಾರೋ ಒಬ್ಬ ಪುಣ್ಯಾತ್ಮ ಕಾರಿಗೆ ರೇಡಿಯೊ ಕಟ್ಟಿಕೊಂಡು ಅಲ್ಲಿಗೆ ಹೋಗಿ ನಿಂತು, "ಬನ್ರಪ್ಪಾ, ಈ ಜಿಲ್ಲೆ ಯಾರಿಗೆ ಬೇಕು?" ಅಂತ ಕೂಗಬೇಕು. ಸೊಪ್ಪು ಮಾರುವವರ ಹಾಗೆ! ಇವನು ಅವರನ್ನು ಕೇಳಿಸಿಕೊಳ್ಳಬೇಕು, ಅವರು ಇವನನ್ನು ಕೇಳಿಸಿಕೊಳ್ಳಬೇಕು, ಎಷ್ಟು ಚೆನ್ನಾಗಿ ಕೇಳಿಸಿತು ಅಂತ ಇಬ್ಬರೂ ಎರಡೆರಡು ಅಂಕಿ ಹೇಳಬೇಕು. ಅಲ್ಲಿಗೆ ಆ ಜಿಲ್ಲೆ ಕೈಸೇರಿದ ಹಾಗೆ. ಕಾರಿನ ಚಕ್ರ ಮಾತ್ರ ಆ ಜಿಲ್ಲೆಯ ಮಣ್ಣಿನ ಮೇಲೇ ಇರಬೇಕು. ಬಂದು ನೋಡುವವರು ಯಾರೂ ಇಲ್ಲ. ಹೇಳಿದವನ ಮಾತೇ ಪ್ರಮಾಣ.

ಥಾಡಿಯಸ್ ಇದ್ದದ್ದು ದೂರದ ವರ್ಮಾಂಟಿನಲ್ಲಿ. ಹೆಂಡತಿ ತೀರಿಕೊಂಡ ಮುದುಕ. ಡೆಲ್ಮರನಿಗೆ ಅವನು ಜೀವದ ಗೆಳೆಯ. ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ, ಅದು ಬೇರೆ ಮಾತು. ಇಡೀ ದೇಶದ ಜಿಲ್ಲೆಗಳನ್ನೆಲ್ಲ ಬೇಟೆಯಾಡಿ ಮುಗಿಸಿದ್ದ ಅವನಿಗೆ ಒಂದೇ ಒಂದು ಬಾಕಿ. ನಮ್ಮ ನೆಬ್ರಾಸ್ಕದ ವಾಡೆಲ್ ಜಿಲ್ಲೆ! ಒಮ್ಮೆ ಯಾರೋ ಅಲ್ಲಿಂದ ಕರೆದಾಗ ಇವನ ಊರಲ್ಲಿ ಹಿಮ ಬಿದ್ದು ಕರೆಂಟು ಹೋಗಿತ್ತು. ಇನ್ನೊಮ್ಮೆ ಕರೆದಾಗ ಇವನು ಸ್ನಾನದ ತೊಟ್ಟಿಯಲ್ಲಿದ್ದ, ಸೋಪು ಸಮೇತ ಓಡಿಬಂದು ಜಾರಿ ಬಿದ್ದು ಮೇಲೇಳುವ ಹೊತ್ತಿಗೆ ಅವರು ಗಾಡಿ ಹೊಡೆದುಕೊಂಡು ಹೋಗಿಬಿಟ್ಟಿದ್ದರು.

ಈಗ ಮಗಳು ಅವನನ್ನು ಪಟ್ಟಣದ ತನ್ನ ಫ್ಲಾಟಿಗೆ ಕರೆದುಕೊಂಡು ಹೋಗುತ್ತಿದ್ದಳು. ಆ ಕಟ್ಟಡದ ಮೇಲೆ ಒಂದು ಸೂಜಿ ಚುಚ್ಚೋಕೂ ಅನುಮತಿ ಇಲ್ಲವಂತೆ. ಅವತ್ತು ಮಧ್ಯಾಹ್ನವೇ ಅವನ ಹಿತ್ತಲಿನ ಟವರ್ ಬಿಚ್ಚುವವರು ಬರುವವರಿದ್ದರು. ಟವರ್ ಇಳಿದು ಅವನು ಮಗಳ ಕಾರು ಹತ್ತಿದರೆ ಅಲ್ಲಿಗೆ ಮುಗಿಯಿತು. ಒಂದೇ ಒಂದು ಜಿಲ್ಲೆ ಬಾಕಿ ಉಳಿಸಿಕೊಂಡೇ ಅವನು ಉಳಿದ ಆಯುಷ್ಯ ಕಳೆಯಬೇಕು.

"ನೋಡು ವರ್ನಾ," ಅಂದ ಡೆಲ್ಮರ್, "ಇವತ್ತು ಆಗಲಿಲ್ಲ ಅಂದರೆ ಇನ್ನು ಯಾವತ್ತೂ ಆಗಲ್ಲ."

"ಆಗಲ್ಲ ಅನ್ನೋ ಮಾತು ನನ್ನ ಕಾರಿನೊಳಗೆ ಬೇಡ. ಹತ್ತು!"

ನಮ್ಮ ಕಾರು ಊರಿನ ಮಕ್ಕಳಿಗೆಲ್ಲ ತಮಾಷೆ. ಉದ್ದನೆಯ ಹಸಿರು ಕಾರು, ಹಿಂಬದಿಗೆ ಕಟ್ಟಿದ ಉಕ್ಕಿನ ಕಡ್ಡಿ. ಎರಡಾಳೆತ್ತರದ ಆ ಕಡ್ಡಿಯ ನಡುವೆ ತಂತಿ ಸುತ್ತಿದ ಡೊಳ್ಳುಹೊಟ್ಟೆ. ಅದು ಆ್ಯಂಟೆನಾ. ಕಾರು ನಿಂತರೂ ಅದು ನಿಲ್ಲುತ್ತಿರಲಿಲ್ಲ, ಒಡೆಯನನ್ನು ಕಂಡ ನಾಯಿಯ ಬಾಲದ ಹಾಗೆ ಅಲ್ಲಾಡುತ್ತಲೇ ಇರುತ್ತಿತ್ತು. ಒಳಗೆ ಸ್ಟೀರಿಂಗಿನ ಪಕ್ಕದಲ್ಲಿ ರೇಡಿಯೊ ಪೆಟ್ಟಿಗೆ. ಅದು ಬಿಸಿಯಾದರೆ ನನ್ನ ಮೊಣಕಾಲ ಮೇಲೆ ರೊಟ್ಟಿ ಸುಡಬಹುದಿತ್ತು.

ಡೆಲ್ಮರ್ ತೊಡೆ ಮೇಲೆ ನಕ್ಷೆ ಹರವಿಕೊಂಡ. ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಹುಟ್ಟಿದ ರಾಜ್ಯದಲ್ಲಿ ನಕ್ಷೆ ನೋಡಿಕೊಂಡು ಓಡಾಡುವುದು ನನ್ನ ಮರ್ಯಾದೆಗೆ ಕಡಿಮೆ.

"ವರ್ನಾ, ಎಡಕ್ಕೆ ತಿರುವು."

"ಗೊತ್ತು."

"ತಿರುವು ಹೋಯ್ತು."

"ಅದೂ ಗೊತ್ತು. ಮುಂದಿನ ತಿರುವು ಇದಕ್ಕಿಂತ ಚೆನ್ನಾಗಿದೆ."

ಮುಂದಿನ ತಿರುವು ನಮ್ಮನ್ನು ಒಬ್ಬರ ಹಂದಿ ದೊಡ್ಡಿಗೆ ಕರೆದುಕೊಂಡು ಹೋಯಿತು. ಹಂದಿಗಳು ಚೆನ್ನಾಗಿದ್ದವು, ಅದನ್ನು ಡೆಲ್ಮರನೂ ಒಪ್ಪಿಕೊಂಡ.

ಅಷ್ಟು ಹೊತ್ತಿಗೆ ಬೆಳಿಗ್ಗೆ ಕುಡಿದ ಕಾಫಿ ತನ್ನ ಹಕ್ಕು ಕೇಳತೊಡಗಿತು. ಒಂದು ಪೆಟ್ರೋಲ್ ಬಂಕ್ ಕಂಡಿತು. ಬಂಕಿನವನು ನನ್ನನ್ನು ನೋಡಿದ್ದೇ ಎರಡೂ ಕೈ ಎತ್ತಿ ಜೋರಾಗಿ ಬೀಸಿದ. ಈ ಕಡೆಯ ಜನ ಎಷ್ಟು ಸ್ನೇಹಜೀವಿಗಳು ಅಂತ ನಾನೂ ಕೈ ಬೀಸಿದೆ. ಅವನು ಕುಣಿದುಕೊಂಡು ಬೀಸಿದ. ನಾನು ಹಾರನ್ ಹೊಡೆದು ಬೀಸಿದೆ.

"ವರ್ನಾ! ಕಡ್ಡಿ! ಮೇಲೆ ಶೀಟು!"

ಬಂಕಿನ ಮೇಲಿನ ತಗಡಿನ ಶೀಟಿಗೂ ನಮ್ಮ ಕಡ್ಡಿಗೂ ಎತ್ತರದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂತು. ಕಡ್ಡಿ ಬಿಲ್ಲಿನ ಹಾಗೆ ಬಾಗಿತು, ಬಾಗಿತು, ಆಮೇಲೆ "ಠೇಂಕ್!" ಅಂತ ಮುರಿದು ಚಿಮ್ಮಿತು. ಹಬ್ಬಕ್ಕೆ ಕಟ್ಟಿದ್ದ ಬಣ್ಣಬಣ್ಣದ ಬಾವುಟದ ಸಾಲು ಪೂರ್ತಿ ಕಿತ್ತು ನಮ್ಮ ಕಾರಿನ ಮೇಲೆ ಬಿತ್ತು. ಮದುವೆ ದಿಬ್ಬಣದ ಹಾಗೆ ಅಲಂಕಾರ ಮಾಡಿಕೊಂಡು ಒಳಗೆ ಹೋಗಿ ನಿಂತೆವು. ಕಡ್ಡಿಯ ಮೇಲರ್ಧ ಹಿಂದೆ ರಸ್ತೆಯಲ್ಲೇ ಉಳಿಯಿತು.

ಬಂಕಿನವನು ಏದುಸಿರು ಬಿಡುತ್ತ ಬಂದ. "ಅಮ್ಮಾ, ನಾನು ಕೈ ಬೀಸಿದ್ದು ನಿಲ್ಲಿ ಅಂತ!"

"ಹಾಗಾದರೆ ನಗಬಾರದಾಗಿತ್ತು!"

"ನಾನೆಲ್ಲಿ ನಕ್ಕೆ? ಹಲ್ಲು ಕಚ್ಚಿಕೊಂಡಿದ್ದೆ!"

ಬಾವುಟಗಳನ್ನು ನಾನೇ ಏಣಿ ಹತ್ತಿ ಮತ್ತೆ ಕಟ್ಟಿಕೊಟ್ಟೆ, ರಸ್ತೆಯಲ್ಲಿ ಬಿದ್ದಿದ್ದ ಕಡ್ಡಿಯನ್ನೂ ಎತ್ತಿ ತಂದೆ. ಡೆಲ್ಮರ್ ಮುರಿದ ಕಡ್ಡಿಯನ್ನು ತೊಡೆ ಮೇಲಿಟ್ಟುಕೊಂಡು, ಸತ್ತ ಬೆಕ್ಕನ್ನು ಸವರುವ ಹಾಗೆ ಸವರುತ್ತ ಕೂತಿದ್ದ. ರೇಡಿಯೊ ಇನ್ನೂ ಮಾತಾಡುತ್ತಿತ್ತು. ಇದ್ದ ಮೋಟು ಕಡ್ಡಿಯಲ್ಲೇ ಥಾಡಿಯಸ್ಸಿನ ದನಿ ತೆಳ್ಳಗೆ ಬರುತ್ತಿತ್ತು: "ಡೆಲ್ಮರ್, ಎಲ್ಲಿದ್ದೀಯಪ್ಪಾ? ಟವರಿನವರು ಫೋನ್ ಮಾಡಿದ್ದರು. ಊಟ ಮುಗಿಸಿಕೊಂಡು ಹೊರಡ್ತಾರಂತೆ."

ಡೆಲ್ಮರ್ ಉತ್ತರ ಕೊಟ್ಟ. ಅದು ಅವನಿಗೆ ಮುಟ್ಟಲಿಲ್ಲ.

"ಉದ್ದವಾದ ತಂತಿ ಬೇಕು," ಅಂದ ಡೆಲ್ಮರ್. "ಎರಡು ಕಂಬದ ಮಧ್ಯೆ ಎತ್ತರಕ್ಕೆ ಕಟ್ಟಿದ ತಂತಿ. ಈ ಬಯಲಲ್ಲಿ ಎಲ್ಲಿಂದ ತರೋದು?"

"ಬಟ್ಟೆ ಒಣಗಿಸೋ ತಂತಿ ಆಗುತ್ತಾ?"

ಡೆಲ್ಮರ್ ನನ್ನ ಕಡೆ ತಿರುಗಿದ. ಮದುವೆಯ ದಿನ ಕೂಡ ಅವನು ನನ್ನನ್ನು ಹಾಗೆ ನೋಡಿರಲಿಲ್ಲ! ನನ್ನ ಎದೆ ಉಬ್ಬಿ ಸ್ಟೀರಿಂಗಿಗೆ ತಾಗಿತು. ಬಂಕಿನ ಪ್ರಕರಣ ಆ ಕ್ಷಣದಲ್ಲೇ ಮಾಫಿ ಅಂತ ನಾನೇ ತೀರ್ಮಾನ ಮಾಡಿಕೊಂಡೆ.

ಹೊಳೆಯ ಸೇತುವೆ ದಾಟಿದರೆ ವಾಡೆಲ್ ಜಿಲ್ಲೆ. ಅದು ನನಗೆ ನಕ್ಷೆ ಇಲ್ಲದೆಯೂ ಗೊತ್ತು. ದಾಟಿದೆವು. ಮೊದಲು ಕಂಡ ಹೊಲದ ಮನೆಯ ಹಿತ್ತಲಲ್ಲಿ, ಎರಡು ಗಟ್ಟಿ ಕಂಬಗಳ ನಡುವೆ ಉದ್ದನೆಯ ಕಬ್ಬಿಣದ ತಂತಿ, ತಂತಿಯ ತುಂಬ ಬಟ್ಟೆ! ಹಿಂದಿನ ಓಣಿಯಿಂದ ನುಗ್ಗಿ ಕಾರನ್ನು ಸೀದಾ ತಂತಿಯ ಕೆಳಗೇ ನಿಲ್ಲಿಸಿದೆ.

"ಇದು ವಾಡೆಲ್ಲೇ ತಾನೆ?" ಅಂದ ಡೆಲ್ಮರ್. "ರಸ್ತೆಯಲ್ಲಿ ಜಿಲ್ಲೆಯ ಬೋರ್ಡು ಕಾಣಲೇ ಇಲ್ಲವಲ್ಲ?"

"ಬೋರ್ಡು ಯಾಕೆ? ನಾನಿಲ್ಲವಾ!"

ಬಾಯಲ್ಲಿ ನಾಲ್ಕು ಬಟ್ಟೆ ಕ್ಲಿಪ್ಪು ಕಚ್ಚಿಕೊಂಡ ಒಬ್ಬ ಹೆಂಗಸು ಬೆಡ್‌ಶೀಟಿನ ಹಿಂದಿನಿಂದ ಹೊರಬಂದಳು. ಯೂರೋಪಿನಿಂದ ಬಂದು ಆ ಕಡೆ ನೆಲೆಸಿದ ಚೆಕ್ ಜನದವಳು, ಹೆಸರು ವ್ಲಾಸ್ತಾ ಅಂತ ಆಮೇಲೆ ಗೊತ್ತಾಯಿತು. ಕ್ಲಿಪ್ಪು ಉಗಿದು, "ಪೊರಕೆ ಇದೆ, ಪಾತ್ರೆ ಇದೆ, ಬೈಬಲ್ಲೂ ಇದೆ. ಏನೂ ಬೇಡ," ಅಂದಳು.

"ಮಾರೋಕೆ ಬಂದಿಲ್ಲಮ್ಮ. ನಿಮ್ಮ ಬಟ್ಟೆ ತಂತಿ ಸ್ವಲ್ಪ ಹೊತ್ತು ಬೇಕಾಗಿತ್ತು."

"ತಂತಿ? ಬಟ್ಟೆ ಸಮೇತವಾ?"

"ಬಟ್ಟೆ ನಿಮ್ಮದೇ. ತಂತಿ ಮಾತ್ರ. ವರ್ಮಾಂಟಿಗೆ ಮಾತಾಡಬೇಕು."

ಅವಳು ನನ್ನನ್ನು ನೋಡಿದಳು, ಪ್ಲಾಸ್ಟರ್ ಕಾಲಿನ ಡೆಲ್ಮರನನ್ನು ನೋಡಿದಳು, ಅವನ ತೊಡೆ ಮೇಲಿನ ಮುರಿದ ಕಡ್ಡಿಯನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು, ಮೆಲ್ಲನೆ, ಜ್ವರ ಬಂದವರನ್ನು ಮಾತಾಡಿಸುವ ದನಿಯಲ್ಲಿ ಹೇಳಿದಳು: "ಟೆಲಿಫೋನ್ ಒಳಗಿದೆ ಅಕ್ಕ."

ಡೆಲ್ಮರ್ ಎಲ್ಲ ಬಿಡಿಸಿ ಹೇಳಿದ. ಥಾಡಿಯಸ್, ಮಗಳು, ಟವರ್, ಸ್ನಾನದ ತೊಟ್ಟಿ, ಎಲ್ಲ. ವ್ಲಾಸ್ತಾಳ ಮುಖ ಬೆಣ್ಣೆಯಾಯಿತು.

"ಅಷ್ಟೂ ಸಿಕ್ಕಿ ಒಂದೇ ಒಂದು ಬಾಕಿನಾ? ಅಯ್ಯೋ ಪಾಪ! ನನ್ನ ಮದುವೆಯ ಬಟ್ಟಲ ಸೆಟ್ಟಲ್ಲೂ ಹಾಗೇ, ಒಂದು ಒಡೆದುಹೋಯ್ತು. ಅದನ್ನು ನೆನೆಸಿಕೊಂಡರೆ ಈಗಲೂ ಗಂಟಲಲ್ಲಿ ಕಾಫಿ ಇಳಿಯಲ್ಲ. ತಗೊಳ್ಳಿ ತಂತಿ! ಆದರೆ ಬಟ್ಟೆ ತೆಗೆಯಲ್ಲ. ಇನ್ನೂ ಒದ್ದೆ."

ಹೀಗೆ ಅಮೆರಿಕಾದ ರೇಡಿಯೊ ಚರಿತ್ರೆಯಲ್ಲೇ ಮೊದಲ ಬಾರಿಗೆ ಎರಡು ಬೆಡ್‌ಶೀಟು, ಮೂರು ಜೊತೆ ಹೊಲದ ಪ್ಯಾಂಟು, ಮತ್ತು ವ್ಲಾಸ್ತಾಳ ಅತ್ತೆಯ ಒಳಚಡ್ಡಿಗಳ ಒಂದು ದೊಡ್ಡ ಕುಟುಂಬ ಆ್ಯಂಟೆನಾ ಮೇಲೇರಿತು. ಒಂದೊಂದು ಚಡ್ಡಿ ಹಿಡಿದುಕೊಂಡು ವಿಮಾನದಿಂದ ಹಾರಬಹುದಿತ್ತು! ಡೆಲ್ಮರ್ ತಂತಿಯ ತುದಿಯನ್ನು ಕಾರಿಗೆ ಸಿಕ್ಕಿಸಿದ, ಗುಂಡಿ ತಿರುಗಿಸಿದ, ಮೈಕು ಹಿಡಿದ.

"ಥಾಡಿಯಸ್! ನಾನು ಡೆಲ್ಮರ್! ವಾಡೆಲ್ ಜಿಲ್ಲೆ, ವಾಡೆಲ್! ಕೇಳಿಸ್ತಾ?"

"ಕೇಳಿಸ್ತು!" ಥಾಡಿಯಸ್ ಕಾರಿನೊಳಗೇ ಕೂತಿದ್ದಾನೋ ಅನ್ನಿಸುವಷ್ಟು ಸ್ಪಷ್ಟ. "ಪಕ್ಕದ ಮನೆಯಿಂದ ಕೂಗಿದ ಹಾಗೆ ಕೇಳಿಸ್ತು! ಯಾವ ಆ್ಯಂಟೆನಾನಪ್ಪಾ ಅದು?"

"ಅದು ಹೆಂಗಸರ ವಿಷಯ. ಅಂಕಿ ಬರಕೋ!"

ಅಂಕಿ ಹೋಯಿತು, ಅಂಕಿ ಬಂತು. ಕೇಳುತ್ತ ಕಾದಿದ್ದ ದೇಶದ ಬೇಟೆಗಾರರೆಲ್ಲ ಒಟ್ಟಿಗೆ ಗದ್ದಲ ಎಬ್ಬಿಸಿದರು. ಟೆಕ್ಸಾಸಿನಿಂದ ಅಭಿನಂದನೆ, ಒಹಾಯೊದಿಂದ ಅಭಿನಂದನೆ! ನಾನು ಡೆಲ್ಮರನ ಕೈಯಿಂದ ಮೈಕು ಕಿತ್ತುಕೊಂಡು, "ಗಾಡಿ ಓಡಿಸಿದ್ದು ನಾನು! ತಂತಿಯ ಉಪಾಯವೂ ನನ್ನದೇ!" ಅಂತ ರಾಷ್ಟ್ರಕ್ಕೆ ತಿಳಿಸಿದೆ. ಲೈಸೆನ್ಸ್ ಇದ್ದವನು ಪಕ್ಕದಲ್ಲಿ ಕೂತಿದ್ದರೆ ಬೇರೆಯವರೂ ಮಾತಾಡಬಹುದು. ಆ ಒಂದು ಕಾನೂನು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಆಗ ಮನೆಯ ಬಾಗಿಲು ಧಡಾರ್ ಅಂತು. ಕೈಯಲ್ಲಿ ಪೊರಕೆ ಹಿಡಿದ ಗಿಡ್ಡ ಅಜ್ಜಿಯೊಂದು ಸುಂಟರಗಾಳಿಯ ಹಾಗೆ ಹೊರಗೆ ಬಂತು. ವ್ಲಾಸ್ತಾಳ ಅತ್ತೆ, ಅನೆಷ್ಕಾ.

"ಯಾರವನು ನನ್ನ ಟೀವಿಯೊಳಗೆ ಹೊಕ್ಕಿದ್ದು? ಚಳಿಗಾಲದಿಂದ ಕಾಯ್ತಿದ್ದೀನಿ, ಆ ಹುಡುಗಿಯ ಮಗುವಿನ ತಂದೆ ಯಾರು ಅಂತ! ಇವತ್ತು ಡಾಕ್ಟರು ಹೇಳೋಕೆ ಬಾಯಿ ತೆರೆದ, ಪರದೆ ತುಂಬ ಗೀಟು ಬಂತು, 'ಥಾಡಿಯಸ್' ಅಂತ ಕೇಳಿಸ್ತು! ಯಾರೀ ಥಾಡಿಯಸ್? ಆ ಧಾರಾವಾಹೀಲಿ ಅಂಥೋನು ಒಬ್ಬನೂ ಇಲ್ಲ!"

"ಅತ್ತೆ, ಅದು ಧಾರಾವಾಹಿ ಅಲ್ಲ," ಅಂದಳು ವ್ಲಾಸ್ತಾ. "ಇವರು ವಾಡೆಲ್ ಜಿಲ್ಲೆಯಿಂದ ಒಬ್ಬ ಪಾಪದ ಮುದುಕನ ಜೊತೆ ಮಾತಾಡ್ತಿದ್ದಾರೆ."

"ವಾಡೆಲ್ಲಾ? ಇದೆಲ್ಲಿಯ ವಾಡೆಲ್? ಇಷ್ಟು ವರ್ಷ ಆದರೂ ಈ ಸೊಸೆಗೆ ಗಡಿ ಯಾವುದು ಅಂತ ಗೊತ್ತಿಲ್ಲ!"

ನಾನು ಮೈಕನ್ನು ಮೆಲ್ಲಗೆ ಡೆಲ್ಮರನ ಕೈಗೆ ವಾಪಸು ಕೊಟ್ಟೆ.

ಅಜ್ಜಿ ಪೊರಕೆಯನ್ನು ರಾಜದಂಡದ ಹಾಗೆ ಚಾಚಿ, ನನಗೆ ಭೂಗೋಳ ಪಾಠ ಶುರು ಮಾಡಿತು. "ಅಗೋ, ಆ ಬಾತುಕೋಳಿ ಕೂತಿದೆಯಲ್ಲ, ಅದು ಗಡಿ ಕಲ್ಲು. ಆಚೆಗೆ ವಾಡೆಲ್. ಅಡಿಗೆಮನೆ ವಾಡೆಲ್, ಕೋಸಿನ ಮಡಿ ವಾಡೆಲ್. ಈಚೆಗೆ ಟಾರ್ಬೆಟ್ ಜಿಲ್ಲೆ. ಕೊಟ್ಟಿಗೆ ಟಾರ್ಬೆಟ್, ಹಂದಿ ಟಾರ್ಬೆಟ್, ಬಟ್ಟೆ ತಂತಿ ಟಾರ್ಬೆಟ್. ನೀವಿಬ್ಬರೂ ಟಾರ್ಬೆಟ್! ಜಾಗ ಗುರುತು ಮಾಡೋ ದಿನ ನನ್ನ ಗಂಡ ಕುಡಿದಿದ್ದ, ಎರಡು ಜಿಲ್ಲೆಗೆ ಕಾಲು ಹಾಕಿ ಮನೆ ಕಟ್ಟಿದ. ವೋಟು ಹಾಕೋಕೆ ಒಂದು ಕಡೆ ಹೋಗ್ತೀವಿ, ಹಂದಿ ಸತ್ತರೆ ಇನ್ನೊಂದು ಕಡೆ ಹೋಗ್ತೀವಿ."

ಕಾರಿನೊಳಗೆ ಇನ್ನೂ ಅಭಿನಂದನೆಗಳು ಸುರಿಯುತ್ತಿದ್ದವು. ನಾನು ರೇಡಿಯೊದ ಸದ್ದು ತಗ್ಗಿಸಿ ಗಂಡನ ಕಿವಿಗೆ ಬಾಯಿಟ್ಟೆ.

"ಡೆಲ್ಮರ್, ಎಷ್ಟು ದೂರ ಅದು? ಎರಡು ಹಂದಿ ಅಡ್ಡ ಮಲಗಿದಷ್ಟು ಇಲ್ಲ. ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ."

"ಮತ್ತಿನ್ನೇನು?"

"ಅದಕ್ಕೇ ನಾವೇ ಹೇಳಬೇಕು."

ಹೇಳಿಯೇಬಿಟ್ಟ! "ಥಾಡಿಯಸ್, ಬರಕೊಂಡದ್ದನ್ನು ಹೊಡೆದು ಹಾಕಿಬಿಡು. ನಾವು ಪಕ್ಕದ ಜಿಲ್ಲೆಯಲ್ಲಿದ್ದೀವಿ. ಗಾಡಿ ನಿಲ್ಲಿಸಿದ್ದು ನನ್ನ ಹೆಂಡತಿ." ಆ ಕೊನೆಯ ವಾಕ್ಯದ ಅಗತ್ಯ ಏನಿತ್ತು ಅಂತ ನಾನು ಅವನು ಸಾಯುವವರೆಗೂ ಕೇಳಿದೆ, ಅವನು ಸಾಯುವವರೆಗೂ ನಕ್ಕ.

ಟೆಕ್ಸಾಸು, ಒಹಾಯೊ ಎಲ್ಲ ಒಟ್ಟಿಗೆ ಅಭಿನಂದನೆ ವಾಪಸು ತಗೊಂಡವು. ಆಮೇಲೆ ಥಾಡಿಯಸ್ ಮಾತಾಡಿದ. ದನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಸರಿ ಡೆಲ್ಮರ್. ಹೇಳಿದ್ದು ಒಳ್ಳೇದಾಯ್ತು. ಟವರಿನವರು ಬಂದುಬಿಟ್ಟರು, ಹತ್ತುತ್ತಿದ್ದಾರೆ. ಕಿಟಕಿಯಿಂದ ಒಂದು ತುಂಡು ತಂತಿ ಹೊರಗೆಸೆದು ಕಾಯ್ತೀನಿ. ಮಗಳು ಕಾರಲ್ಲಿ ಕೂತು ಹಾರನ್ ಹೊಡೀತಿದ್ದಾಳೆ. ಸ್ವಲ್ಪ ಬೇಗ, ಆಗುತ್ತಾ?"

"ಆಗುತ್ತೆ!" ಅಂತ ಕೂಗಿ ನಾನು ಕಾರಿಗೆ ಹಾರಿದೆ. ಹುಟ್ಟಿದ ಮೇಲೆ ಅಷ್ಟು ರೋಷ ನನಗೆ ಬಂದಿರಲಿಲ್ಲ. ಗೇರು ಹಾಕಿದೆ. ಒತ್ತಿದೆ.

"ವರ್ನಾ, ತಂತಿ! ತಂತಿ ಇನ್ನೂ ಕಾರಿಗೇ..."

ಒಂದು ಕಂಬ ಬುಡಸಮೇತ ಎದ್ದು ಬಂತು. ಇನ್ನೊಂದೂ ಸ್ವಲ್ಪ ಹೊತ್ತು ಯೋಚಿಸಿ ಹಿಂದೆಯೇ ಬಂತು. ಮುಂದೆ ನಾನು, ನನ್ನ ಹಿಂದೆ ಬೆಡ್‌ಶೀಟು, ಬೆಡ್‌ಶೀಟಿನ ಹಿಂದೆ ಪ್ಯಾಂಟು, ಪ್ಯಾಂಟಿನ ಹಿಂದೆ ಅಜ್ಜಿಯ ಚಡ್ಡಿಗಳು ಗಾಳಿ ತುಂಬಿಕೊಂಡು, ಕೊನೆಯಲ್ಲಿ ಎರಡು ಕಂಬ! ಗಡಿ ಕಲ್ಲಿನ ಮೇಲಿದ್ದ ಬಾತು "ಕ್ವಾಕ್!" ಅಂತ ಹಾರಿತು, ಅದರ ಬಂಧುಬಳಗವೆಲ್ಲ ದಿಕ್ಕಾಪಾಲಾಗಿ ಓಡಿತು.

"ಕೋಸು! ನನ್ನ ಕೋಸು!" ವ್ಲಾಸ್ತಾ ಚೀರಿದಳು.

ಕೋಸುಗಳು ಚಕ್ರದ ಕೆಳಗೆ ಒಂದೊಂದಾಗಿ "ಕರಕ್, ಕರಕ್" ಅಂದವು. ಬೆಳಿಗ್ಗೆಯಷ್ಟೇ ನೀರು ಹಾಯಿಸಿದ್ದ ಮಡಿ. ಕಾರು ಒಮ್ಮೆ ನಿಟ್ಟುಸಿರು ಬಿಟ್ಟು ಹೂತುಕೊಂಡಿತು. ನಾಲ್ಕೂ ಚಕ್ರ ವಾಡೆಲ್ ಜಿಲ್ಲೆಯ ಮೇಲೆ ಇದ್ದವು ಅನ್ನೋದರಲ್ಲಿ ಈಗ ಯಾರಿಗೂ ಅನುಮಾನ ಉಳಿಯಲಿಲ್ಲ. ಅರ್ಧರ್ಧ ಚಕ್ರ ವಾಡೆಲ್ ಜಿಲ್ಲೆಯ ಒಳಗೇ ಇದ್ದವು!

ಕಂಬಗಳಿಲ್ಲ. ತಂತಿಯ ಒಂದು ತುದಿಯನ್ನು ಅಡಿಗೆಮನೆಯ ಕಿಟಕಿಯ ಮೇಲಿನ ಮೊಳೆಗೆ ಸುತ್ತಿದೆ. ವ್ಲಾಸ್ತಾ ಬಯ್ಯುತ್ತಲೇ ಸ್ಟೂಲು ತಂದುಕೊಟ್ಟಳು, ಬಯ್ಯುತ್ತಲೇ ಸ್ಟೂಲು ಹಿಡಿದುಕೊಂಡಳು. "ಇನ್ನೂ ಸ್ವಲ್ಪ ಮೇಲೆ ಕಟ್ಟಿ ಅಕ್ಕ! ನನ್ನ ಕೋಸು ಹೋಯ್ತು, ಆ ಮುದುಕನ ಜಿಲ್ಲೆಯಾದರೂ ಉಳೀಲಿ!"

ಡೆಲ್ಮರ್ ಕರೆದ. ಅವನದು ಬಾವಿಯೊಳಗಿನ ಕಪ್ಪೆಯ ಹಾಗೆ ದಪ್ಪ ದನಿ. ಕರೆದು ಕರೆದು ಗಂಟಲು ಕಟ್ಟಿತು.

"ಯಾರೋ ಇದ್ದಾರೆ," ಅಂತಿದ್ದ ಥಾಡಿಯಸ್, ದೂರದಲ್ಲೆಲ್ಲೋ, ಸದ್ದುಗದ್ದಲದ ಮಧ್ಯೆ. "ಯಾರು ಅಂತ ಗೊತ್ತಾಗ್ತಿಲ್ಲ. ಟವರ್ ಇಳೀತು ಕಣಪ್ಪಾ."

"ಕೊಡು ಇಲ್ಲಿ!" ಅಂತ ನಾನು ಮೈಕು ತಗೊಂಡೆ. ನನ್ನ ಕಂಠದ ಮೇಲೆ ನನಗೆ ಭಾರಿ ನಂಬಿಕೆ. ಚರ್ಚಿನ ಹಾಡುಗಾರರ ಸಾಲಿನಲ್ಲಿ ಮುಂದೆ ನಿಲ್ಲುವವಳು ನಾನು. ಏರು ದನಿಯಲ್ಲಿ, ಇಂಪಾಗಿ, ಜಿಲ್ಲೆಯ ಹೆಸರು ಹೇಳಿ, ಅವನ ಆರೋಗ್ಯ ವಿಚಾರಿಸಿ, ಆದ ತೊಂದರೆಗೆ ಎರಡು ಮಾತು ಸೇರಿಸಿದೆ.

"ಏನೋ ಗುಂಯ್ ಅಂತಿದೆ," ಅಂದ ಥಾಡಿಯಸ್. "ಕಿಟಕಿ ತೆಗೆದಿದ್ದೀನಲ್ಲ, ಸೊಳ್ಳೆ ಇರಬೇಕು."

ಡೆಲ್ಮರ್ ಮುಖ ಆಚೆ ತಿರುಗಿಸಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗಲಿಲ್ಲ. ದೂರದಲ್ಲಿ ಹಾರನ್ ಹೊಡೆದದ್ದು ರೇಡಿಯೊದಲ್ಲಿ ನಮಗೂ ಕೇಳಿಸಿತು. ನನಗೆ ಆಗ ಮೊದಲ ಸಲ ಹೆದರಿಕೆಯಾಯಿತು. ಇಷ್ಟೂ ವರ್ಷದ ಬೇಟೆ, ಕೊನೆಯ ಒಂದು ಹೆಜ್ಜೆ, ಅದನ್ನು ಕೆಡಿಸಿದವಳು ನಾನು. ಒತ್ತಿದರೆ ನಮ್ಮ ಮಾತು ಹೋಗುವ, ಬಿಟ್ಟರೆ ಅವರ ಮಾತು ಬರುವ ಮೈಕಿನ ಗುಂಡಿಯನ್ನು ಒತ್ತಿ ಹಿಡಿದೇ ನಿಂತೆ.

ಆಗ ಅನೆಷ್ಕಾ ಅಜ್ಜಿ ತನ್ನ ಬಾತುಗಳನ್ನು ಕರೆಯಿತು.

ಆ ಕೂಗನ್ನು ಹೇಗೆ ಬರೆಯಲಿ? ಕಬ್ಬಿಣದ ಬಾಗಿಲಿಗೆ ಎಣ್ಣೆ ಹಾಕದೆ ಒಂದು ತಲೆಮಾರು ಕಳೆದು, ಆಮೇಲೆ ಅದನ್ನು ಒಮ್ಮೆಲೇ ತೆಗೆದರೆ ಹೇಗಿರುತ್ತೆ? ಅದರಪ್ಪ! ಕೋಸಿನ ಮಡಿಯಲ್ಲಿ ನಿಂತ ನನ್ನ ಹಲ್ಲುಗಳು ಜುಂ ಅಂದವು. ಹೊಳೆಯ ಆಚೆ ದಡಕ್ಕೆ ಓಡಿದ್ದ ಬಾತುಗಳು ಅಲ್ಲೇ ನಿಂತು, ಅಪರಾಧಿಗಳ ಹಾಗೆ ತಲೆ ತಗ್ಗಿಸಿ ವಾಪಸು ಹೊರಟವು.

ನಾನು ಬೆಚ್ಚಿ ಗುಂಡಿ ಬಿಟ್ಟೆ. ರೇಡಿಯೊ ತಟ್ಟನೆ ಜೀವ ಪಡೆಯಿತು.

"ಅದು! ಅದೇ! ಅದು ಯಾರು? ಆ ದನಿ ಮತ್ತೆ ಬರಲಿ!"

ಡೆಲ್ಮರ್ ಕಾರಿನೊಳಗಿನಿಂದ ಎರಡೂ ಕೈ ಚಾಚಿದ. "ಅಜ್ಜೀ! ದಮ್ಮಯ್ಯ, ಇಲ್ಲಿ ಬಾ! ಇದರಲ್ಲಿ ವಾಡೆಲ್ ಅಂತ ಕೂಗು. ನಾನು ಬೆರಳಲ್ಲಿ ತೋರಿಸೋ ಅಂಕಿ ಹೇಳು. ಅಷ್ಟು ಸಾಕು."

"ಆಚೆ ಕಡೆ ಇರೋದು ಆ ಥಾಡಿಯಸ್ಸಾ?"

"ಅವನೇ."

"ಕೊಡು ಇಲ್ಲಿ!" ಅಜ್ಜಿ ಮೈಕನ್ನು ಕೋಳಿ ಕುತ್ತಿಗೆ ಹಿಡಿದ ಹಾಗೆ ಹಿಡಿಯಿತು. "ಏಯ್ ಥಾಡಿಯಸ್! ನನ್ನ ಧಾರಾವಾಹಿ ಕೆಡಿಸಿದೋನು ನೀನೇನಾ? ವಾಡೆಲ್! ಕೇಳಿಸ್ತಾ? ವಾಡೆಲ್ ಜಿಲ್ಲೆ, ನನ್ನ ಕೋಸಿನ ಮಡಿ!" ಅಂಕಿಗಳನ್ನೂ ಹೇಳಿತು, ಬಯ್ಯುವ ಹಾಗೆ ಹೇಳಿತು. ಅದರ ಬಾಯಲ್ಲಿ ಅಂಕಿಯೂ ಬೈಗುಳವೇ.

ನಾವು ನಾಲ್ವರೂ ಪೆಟ್ಟಿಗೆಯ ಕಡೆ ಬಗ್ಗಿದೆವು.

"ಕೇಳಿಸ್ತು ತಾಯೀ!" ಥಾಡಿಯಸ್ ನಗುತ್ತಿದ್ದ, ಅಳುತ್ತಲೂ ಇದ್ದ. "ವಾಡೆಲ್! ಕೋಸಿನ ಮಡಿ! ಒಂದೊಂದು ಅಕ್ಷರವೂ ಕೇಳಿಸ್ತು! ಟವರ್ ಬಿಚ್ಚೋ ಹುಡುಗರಿಗೂ ಕೇಳಿಸ್ತು! ನನ್ನ ಹೆಂಡತಿ ಸ್ವರ್ಗದಲ್ಲಿದ್ದಾಳೆ, ಅವಳಿಗೂ ಕೇಳಿಸಿರುತ್ತೆ!" ಅವನ ಅಂಕಿ ಬಂತು. ತೆಳ್ಳಗೆ ಬಂತು, ಆದರೂ ಬಂತು. ಡೆಲ್ಮರ್ ಪ್ಲಾಸ್ಟರ್ ಕಾಲನ್ನು ಮರೆತು ಎದ್ದು ನಿಲ್ಲಲು ಹೋಗಿ ಕಾರಿನ ಮಾಡಿಗೆ ತಲೆ ಹೊಡೆಸಿಕೊಂಡ. ವ್ಲಾಸ್ತಾ ನನ್ನನ್ನು ತಬ್ಬಿಕೊಂಡು ಅತ್ತಳು. ಅರ್ಧ ಥಾಡಿಯಸ್ಸಿಗಾಗಿ, ಅರ್ಧ ಕೋಸಿಗಾಗಿ.

ಟ್ರ್ಯಾಕ್ಟರು ತಂದು ಕಾರನ್ನು ಎಳೆದರು. ಗಸಗಸೆ ತುಂಬಿದ ಕೊಲಾಚೆ ಬನ್ನು, ಕಾಫಿ ಕೊಟ್ಟರು. ಹೊರಡುವಾಗ ಒಡೆದ ಕೋಸುಗಳನ್ನೆಲ್ಲ ಗೋಣಿಯಲ್ಲಿ ತುಂಬಿ ನಮ್ಮ ಕಾರಿನ ಹಿಂದೆ ಹಾಕಿದರು. ಕೋಸಿನ ಸೂಪು, ಕೋಸಿನ ಪಲ್ಯ, ಹುಳಿ ಬರಿಸಿದ ಕೋಸು! ಪ್ಲಾಸ್ಟರ್ ಬಿಚ್ಚುವ ದಿನ ಡೆಲ್ಮರ್ ಡಾಕ್ಟರಿಗೆ, "ಕಾಲು ಸರಿಯಾಗಿದೆ ಸ್ವಾಮಿ, ಹೊಟ್ಟೆಗೆ ಏನಾದರೂ ಕೊಡಿ," ಅಂದನಂತೆ.

ಮುಂದಿನ ಬೇಸಿಗೆಯಲ್ಲಿ ಫೋನು ಬಂತು. ಥಾಡಿಯಸ್ ನಮ್ಮೂರಿಗೆ ಬಸ್ಸು ಹತ್ತಿದ್ದ! ತನಗೆ ಕೊನೆಯ ಜಿಲ್ಲೆ ಕೊಟ್ಟವರ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕಂತೆ.

"ಪಾಪ, ಅಷ್ಟು ದೂರದಿಂದ ನನಗೋಸ್ಕರ," ಅಂದೆ ನಾನು.

"ಹೂಂ," ಅಂದ ಡೆಲ್ಮರ್.

ರಾತ್ರಿಯೇ ಕೂದಲಿಗೆ ಸುರುಳಿ ಹಾಕಿಕೊಂಡೆ. ನೀಲಿ ಫ್ರಾಕು ಇಸ್ತ್ರಿ ಮಾಡಿದೆ. ಚೆರ್ರಿ ಕಡುಬು ಬೇಯಿಸಿದೆ. ಹೆಚ್ಚು ಹೊಗಳಬೇಡಿ ಅಂತ ಹೇಳುವುದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಥಾಡಿಯಸ್ ಬಂದ. ಉದ್ದಕ್ಕೆ, ತೆಳ್ಳಗೆ, ಅವನೇ ಒಂದು ಆ್ಯಂಟೆನಾ. ಹೊಸ ಟೈ ಕಟ್ಟಿದ್ದ. ಕೈಯಲ್ಲಿ ರಿಬ್ಬನ್ ಸುತ್ತಿದ ಪುಟ್ಟ ಪೊಟ್ಟಣ. ಡೆಲ್ಮರನನ್ನು ಅಪ್ಪಿಕೊಂಡ. ನನ್ನ ಕೈ ಕುಲುಕಿದ. ನಾನು ಪೊಟ್ಟಣಕ್ಕೆ ಇನ್ನೊಂದು ಕೈಯನ್ನೂ ಚಾಚಿದೆ.

ಅವನು ಪೊಟ್ಟಣವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಕಿವಿ ಕೆಂಪಾಯಿತು. "ಆ ದನಿಯ ಹೆಂಗಸು," ಅಂದ, "ಅವರೂ ಒಬ್ಬರೇ ಇರೋದಾ? ಇವತ್ತು ಹೋದರೆ ಮನೆಯಲ್ಲಿ ಸಿಗ್ತಾರಾ?"

ಕಡುಬಿನ ಒಂದು ಹೋಳನ್ನು ನಿಂತುಕೊಂಡೇ ತಿಂದ. ಟೋಪಿ ಕೈಗೆತ್ತಿಕೊಂಡ. ನಾನೂ ದೊಡ್ಡ ಮನಸ್ಸು ಮಾಡಿದೆ. ಏಪ್ರನ್ ಬಿಚ್ಚಿ ಕಾರಿನ ಕೀಲಿ ತಗೊಂಡು, "ಬನ್ನಿ, ನಾನೇ ಬಿಟ್ಟು ಬರ್ತೀನಿ. ಆ ದಾರಿ ನನಗೆ ಕಣ್ಣು ಮುಚ್ಚಿದರೂ ಗೊತ್ತು," ಅಂದೆ.

ಥಾಡಿಯಸ್ ಒಂದು ಹೆಜ್ಜೆ ಹಿಂದೆ ಸರಿದು, ಬಹಳ ವಿನಯದಿಂದ ಡೆಲ್ಮರನ ಪಕ್ಕ ಹೋಗಿ ನಿಂತ.

"ತಾಯೀ, ನೀವು ಕೂತ್ಕೊಳ್ಳಿ. ಡೆಲ್ಮರ್ ಬರಲಿ. ನಾನು ವಾಡೆಲ್ಲಿಗೇ ಹೋಗಬೇಕು."